ದೊಡ್ಡಮ್ಮನಿಗೆ ಎದೆ ನೋಯುತ್ತಿತ್ತು

ದೊಡ್ಡಮ್ಮನ ತುಟಿಗಳ ನಡುವೆ ಸದಾ ಮೂರ್ನಾಲ್ಕು ಗುಂಡುಪಿನ್ನುಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಲೂ ಇದ್ದಳು. ಚನ್ನಪಟ್ಟಣದಲ್ಲಿ ರವಿಕೆ ಹೊಲಿಯುವ ಪುಟ್ಟ ಅಂಗಡಿ ಅವಳದು. ನನಗೆ ಹೊಲಿಗೆ ಕಲಿಸಿದ್ದೂ ಅವಳೇ.

ಮದುವೆಯಾದ ಹೊಸತರಲ್ಲಿ ಅವಳಿಗೆ ಯಾರೂ ಇಲ್ಲದ ಕಡೆಯಿಂದ ಬೈಗುಳ ಕೇಳಿಸತೊಡಗಿತಂತೆ. ಗಂಡನ ಮನೆಯವರು ದೆವ್ವ ಬಿಡಿಸುವವನ ಕೈಲಿ ಹುಣಸೆ ಬರಲಿನಿಂದ ಹೊಡೆಸಿದರು. ಹೊಡೆತಕ್ಕೆ ಹೋಗುವ ಕಾಯಿಲೆಯೇ ಅದು? ಬೆನ್ನ ತುಂಬ ಬಾಸುಂಡೆ ಎದ್ದವು, ದನಿಗಳು ಹಾಗೇ ಉಳಿದವು. ಕೊನೆಗೆ ತವರಿಗೆ ತಂದು ಬಿಟ್ಟುಹೋದರು. ತಾತ ಅವಳನ್ನು ರಾಮನಗರದಲ್ಲಿ ಮಾನಸಿಕ ರೋಗದ ಡಾಕ್ಟರಿಗೆ ತೋರಿಸಿದರು. ಮಾತ್ರೆಗೆ ದನಿಗಳು ನಿಧಾನವಾಗಿ ಅಡಗಿದವು. ದೊಡ್ಡಮ್ಮ ಅಂಗಡಿ ತೆರೆದಳು.

ಆ ಮಾತ್ರೆಯನ್ನು ಗಿರಾಕಿಗಳ ಎದುರಿಗೇ ನುಂಗುತ್ತಿದ್ದಳು. "ಸಕ್ಕರೆ ಕಾಯ್ಲೆಗೆ ನೀವು ನುಂಗಲ್ವಾ? ನಾನ್ ನುಂಗುದ್ರೆ ಯಾಕ್ ಮುಖ ಮುಖ ನೋಡ್ಕೊತೀರಿ?"

ಒಮ್ಮೆ ಮದುಮಗಳ ತಾಯಿಯೊಬ್ಬಳು ಕೊಟ್ಟಿದ್ದ ಬಟ್ಟೆಯನ್ನೆಲ್ಲ ವಾಪಸು ಕೇಳಿದಳು. "ನಿಂಗೆ ತಲೆ ಸರಿ ಇಲ್ವಂತೆ. ಕೈಲಿ ಕತ್ತರಿ ಬೇರೆ ಇರ್ತದೆ. ಮಗಳನ್ನ ಅಳತೆಗೆ ಕಳ್ಸಕ್ಕೆ ಭಯ ಆಯ್ತದೆ."

ದೊಡ್ಡಮ್ಮ ಬಟ್ಟೆ ಮಡಿಸಿ ಅವಳ ಕೈಗಿಟ್ಟಳು. "ಏಟು ತಿಂದೋಳು ನಾನು ಕಣವ್ವ. ಭಯ ನಿಂಗಾ?"

ಹೋದ ವರ್ಷ ಒಂದು ಮಧ್ಯಾಹ್ನ ಅವಳಿಗೆ ಎದೆ ಹಿಡಿದುಕೊಂಡಿತು. ಎಡಗೈ ಸೆಳೆತ, ಮೈಯೆಲ್ಲ ಬೆವರು. ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆ. ಯಾವ ಮಾತ್ರೆ ತಗೊಳ್ತೀರಿ ಎಂದು ಡಾಕ್ಟರು ಕೇಳಿದರು. ಹೇಳಿದಳು. ಅಷ್ಟೇ, ಆಮೇಲೆ ಅವರು ಅವಳ ಕಡೆ ನೋಡಲೇ ಇಲ್ಲ. ನನಗೆ ಹೇಳಿದರು: "ಇಂಥವರಿಗೆ ಹೀಗೆಲ್ಲ ಅನಿಸುತ್ತೆ. ಎಲ್ಲ ಮನಸ್ಸಿಂದು. ಮನೆಗೆ ಕರ್ಕೊಂಡ್ಹೋಗಿ ಮಲಗಿಸಿ."

"ನೋಯ್ತಾ ಇರೋದು ಎದೆ ಸಾರ್, ತಲೆ ಅಲ್ಲ," ಎಂದಳು ದೊಡ್ಡಮ್ಮ.

ಇಸಿಜಿನಾದರೂ ಮಾಡಿ ಎಂದು ನಾನು ಕೂಗಾಡಿದೆ. ಅವರು ಮುಂದಿನ ರೋಗಿಯನ್ನು ಒಳಗೆ ಕರೆದರು. ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೊರಟೆವು. ದಾರಿಯಲ್ಲೇ ಅವಳ ತಲೆ ನನ್ನ ಹೆಗಲ ಮೇಲೆ ವಾಲಿತು. ಹೃದಯಾಘಾತ, ಉಸಿರು ನಿಂತಿದೆ ಎಂದರು ಆಸ್ಪತ್ರೆಯಲ್ಲಿ.

ತಿಥಿ ಊಟಕ್ಕೆ ಬಂದ ನೆಂಟನೊಬ್ಬ ಎಲೆ ಮುಂದೆ ಕೂತು, "ಹೋಗ್ಲಿ ಬುಡವ್ವ, ಹುಚ್ಚಿ ಬದ್ಕಿ ಏನ್ ಮಾಡ್ಬೇಕಿತ್ತು," ಎಂದ.

ನನ್ನ ಕೈಯಲ್ಲಿ ಸಾರಿನ ಬಕೆಟ್ ಇತ್ತು. ಕೆಳಗಿಟ್ಟೆ. "ಹುಚ್ಚಿ ಅಂದ್ಕೊಂಡು ನೋಡ್ದೆ ಬುಟ್ಟಿದ್ದಕ್ಕೇ ಅವ್ಳು ಸತ್ತಿದ್ದು. ಏಳಣ್ಣ ಮೇಲಕ್ಕೆ," ಎಂದೆ.

ಅವ್ವ ನನ್ನ ತೋಳು ಹಿಡಿದೆಳೆದಳು. ನಾನು ಕದಲಲಿಲ್ಲ. ಅವನು ಎದ್ದು ಕೈತೊಳೆಯಲು ಹೋಗುವವರೆಗೂ ಅವನೆದುರೇ ನಿಂತಿದ್ದೆ.