ಇದ್ದಾಂಗ ಐತಿ ಅಂತ ಬರ್ಕೊ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಅಲ್ಲಿನ ಚರ್ಮ ದಪ್ಪಗಾಗಿ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ಸ್ಪ್ರಿಂಗುಗಳನ್ನು ಎರಡು ಬೆರಳಿನ ನಡುವೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಆದ ಗುರುತು ಅದು. ಕೈಯಲ್ಲಿ ಸ್ಪ್ರಿಂಗ್ ಇಲ್ಲದಿದ್ದಾಗಲೂ ಆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಚಹಾ ಕುಡಿಯುವಾಗ, ಫೋನಿನಲ್ಲಿ ಮಾತಾಡುವಾಗ, ದೇವರ ಫೋಟೋದ ಮುಂದೆ ನಿಂತಾಗ ಕೂಡ ಬರೀ ಗಾಳಿಯನ್ನೇ ಒತ್ತುತ್ತಿದ್ದವು. ನಾನು ಅವರನ್ನು ಸ್ಪ್ರಿಂಗ್ ಕಾಕಾ ಎಂದೇ ಕರೆಯುತ್ತಿದ್ದೆ.

ಗೋರೆಗಾಂವ್‌ನ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವರ ಗಾಲಾ. ಮುಂಬೈಯವರಿಗೆ ಗಾಲಾ ಅಂದರೆ ಬಿಡಿಸಿ ಹೇಳಬೇಕಿಲ್ಲ. ಊರ ಕಡೆಯವರಿಗಾಗಿ ಹೇಳುತ್ತೇನೆ: ಶಟರ್ ಹಾಕಿದ ಒಂದು ದೊಡ್ಡ ಕೋಣೆ, ಅದೇ ಫ್ಯಾಕ್ಟರಿ, ಅದೇ ಆಫೀಸು, ಡಬ್ಬಿ ಬಿಚ್ಚಿದರೆ ಅದೇ ಊಟದ ಮನೆ. ಅಲ್ಲಿ ತಂತಿ ಸುತ್ತಿ ಸ್ಪ್ರಿಂಗ್ ಮಾಡುವ ಹಳೇ ಮಷೀನುಗಳು. ಪೆನ್ನಿನ ಸ್ಪ್ರಿಂಗು, ಬೀಗದ್ದು, ಸ್ವಿಚ್ಚಿನದು, ಪಂಪಿನದು, ಸ್ಕೂಟರ್ ಬ್ರೇಕಿನದು. “ಯಾವ ಫ್ಯಾಕ್ಟರಿ ಮಾಲು ಬೇಕಾದ್ರೂ ಬಿಚ್ಚಿ ನೋಡು, ಹೊಟ್ಟ್ಯಾಗ ನನ್ನದೊಂದು ಇರ್ತೈತಿ” ಎನ್ನುತ್ತಿದ್ದರು. ಹೆಮ್ಮೆಯೂ ಅದೇ, ಚಿಂತೆಯೂ ಅದೇ. ಬೀಗದವರಿಗೆ ಆರ್ಡರ್ ಕಮ್ಮಿಯಾದರೂ ಇವರಿಗೆ ನಿದ್ದೆಯಿಲ್ಲ, ಪಂಪಿನವರಿಗೆ ಕಮ್ಮಿಯಾದರೂ ಇವರಿಗೇ ನಿದ್ದೆಯಿಲ್ಲ.

ಅವರು ನನಗೆ ಗಂಟುಬಿದ್ದದ್ದು ನನ್ನ ನೌಕರಿಯಿಂದ. ಸಯನ್‌ನಲ್ಲಿ ಕಾರಖಾನೆ ಮಾಲೀಕರ ಒಂದು ಸಂಘದ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೇನೆ. ಮೂರು ತಿಂಗಳಿಗೊಮ್ಮೆ ಔಷಧಿ, ಬಟ್ಟೆ, ಪ್ಲಾಸ್ಟಿಕ್, ಯಂತ್ರದ ಬಿಡಿಭಾಗ ಹೀಗೆ ಎಲ್ಲ ತರಹದ ಕಾರಖಾನೆಯವರಿಗೆ ಫೋನ್ ಮಾಡಿ, ಮುಂದಿನ ಆರು ತಿಂಗಳ ಬಗ್ಗೆ ನಿಮ್ಮ ವಿಶ್ವಾಸ ಹೇಗಿದೆ ಎಂದು ಕೇಳಬೇಕು. ಧಂಧೆ ಈಗಿನದಕ್ಕಿಂತ ಚೆನ್ನಾಗಿರುತ್ತದೆಯೋ, ಇದ್ದ ಹಾಗೇ ಇರುತ್ತದೆಯೋ, ಕೆಡುತ್ತದೆಯೋ? ಮೂರರಲ್ಲಿ ಒಂದು ಉತ್ತರ ಸಾಕು. ಎಲ್ಲವನ್ನೂ ಕೂಡಿಸಿ ನಮ್ಮ ಸಾಹೇಬರು ವರದಿ ಮಾಡುತ್ತಾರೆ. ಕೇಳಿದರೆ ಸುಲಭದ ಕೆಲಸ ಅನ್ನಿಸುತ್ತದೆ. ನನ್ನ ಹಣೆಬರಹ, ಒಬ್ಬರೂ ನೆಟ್ಟಗೆ ಉತ್ತರ ಕೊಡುವುದಿಲ್ಲ.

ಮೊದಲ ಸಲ ಕಾಕಾಗೆ ಫೋನ್ ಮಾಡಿ ಹಿಂದಿಯಲ್ಲಿ ಶುರುಮಾಡಿದ್ದೆ. ನನ್ನ ಅಡ್ಡಹೆಸರು ಕೇಳಿದವರೇ “ಧಾರವಾಡದಾವ್ರೇನು?” ಎಂದರು. ಅಪ್ಪನ ಊರು ಧಾರವಾಡ, ನಾನು ಹುಟ್ಟಿದ್ದು ಇಲ್ಲೇ ಎಂದೆ. ಅವರು ಬೆಳಗಾವಿ ಕಡೆಯವರು. “ಹಂಗಾದ್ರ ಫೋನಿನ್ಯಾಗ ಬ್ಯಾಡ ತಂಗಿ. ಧೈರ್ಯ ಎಷ್ಟೈತಿ ಅಂತ ಫೋನಿನ್ಯಾಗ ಕೇಳ್ತಾರೇನು? ಬಾ, ಮಾರಿ ನೋಡಿ ಕೇಳು.”

ಹೋದೆ. ಕುರ್ಚಿ ನನಗೆ ಕೊಟ್ಟು ತಾವು ಅಡ್ಡಾಡತೊಡಗಿದರು. ಮಷೀನಿನಿಂದ ಶಟರಿಗೆ, ಶಟರಿನಿಂದ ಮಷೀನಿಗೆ. ಅವರು ಕೂತದ್ದನ್ನು ಗಾಲಾದಲ್ಲಿ ಯಾರೂ ನೋಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಪ್ರಶ್ನೆ ಓದಿದೆ. ಉತ್ತರ ಕೊಡುವ ಬದಲು ಅವರೇ ಕೇಳಿದರು, “ಉಳಿದಾವ್ರು ಏನಂದ್ರು?”

“ಅದನ್ನ ಹೇಳೂ ಹಂಗಿಲ್ಲ ಕಾಕಾ.”

“ಹೆಸರು ಬ್ಯಾಡ. ಬರೇ ದನಿ ಹ್ಯಾಂಗಿತ್ತು ಹೇಳು.”

ನಾನು ಅಡ್ಡ ತಲೆಯಾಡಿಸಿ ಪೆನ್ನು ಬಿಚ್ಚಿದೆ. “ಹಂಗಾದ್ರ ಇದ್ದಾಂಗ ಐತಿ ಅಂತ ಬರ್ಕೊ” ಎಂದರು.

ಆಮೇಲೆ ಎಷ್ಟು ಸಲ ಹೋದರೂ ಅದೇ ಉತ್ತರ. ಕೆಲಸ ಹೊರಲಾರದಷ್ಟು ಬಂದಾಗಲೂ ಇದ್ದಾಂಗ ಐತಿ. ಮಷೀನುಗಳು ಅರ್ಧ ದಿನ ಸುಮ್ಮನೆ ನಿಂತಾಗಲೂ ಇದ್ದಾಂಗ ಐತಿ. ಒಮ್ಮೆ ತಡೆಯಲಾರದೆ ಕಾರಣ ಕೇಳಿದೆ. “ಛಲೋ ಐತಿ ಅಂದ್ರ ದೃಷ್ಟಿ ಆಕ್ಕೈತಿ. ಕೆಟ್ಟೈತಿ ಅಂದ್ರ ಸಂಜೀಕ ಇಡೀ ಎಸ್ಟೇಟಿಗೆ ಗೊತ್ತಾಗಿ, ತಂತಿ ಕೊಡಾವ ಹಿಂದ ಸರೀತಾನ. ನಡುವಿಂದು ಬೇಷಿ” ಎಂದು ಕಣ್ಣು ಹೊಡೆದರು. ನನ್ನ ವರದಿಯ ಮರ್ಯಾದೆ ಅಷ್ಟರಲ್ಲೇ ಇತ್ತು.

ಅವರಿಗೆ ಒಬ್ಬಳೇ ಮಗಳು. ಬ್ಯಾಂಕಿನ ನೌಕರಿ ಬಿಟ್ಟು ಗಾಲಾಗೆ ಬಂದವಳು, ನನ್ನದೇ ವಯಸ್ಸು. ಅಪ್ಪನ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಮಾತಾಡಲು ಹೋದರೆ ಹಿಂದಿ ನುಗ್ಗುತ್ತಿತ್ತು. ಅವಳಿಗೆ ಕಂಪ್ಯೂಟರಿನಿಂದ ನಡೆಯುವ ಹೊಸ ಮಷೀನು ಬೇಕಿತ್ತು. ಆಸ್ಪತ್ರೆಯ ಸಾಮಾನಿಗೆ ಬೇಕಾಗುವ ಕೂದಲೆಳೆಯಂಥ ಸ್ಪ್ರಿಂಗುಗಳು ಹಳೇ ಮಷೀನಿನಲ್ಲಿ ಆಗುತ್ತಿರಲಿಲ್ಲ. ಅಕ್ಕಪಕ್ಕದ ಗಾಲಾಗಳು ಒಂದೊಂದಾಗಿ ಪಾರ್ಸೆಲ್ ಕಂಪನಿಗಳ ಗೋದಾಮಾಗುತ್ತಿದ್ದವು. ಇವರೂ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತು ತಿನ್ನಬಹುದಿತ್ತು. ದಸರೆಯೊಳಗೆ ಅಪ್ಪ ಹೂಂ ಅನ್ನದಿದ್ದರೆ ತಾನು ಮತ್ತೆ ಬ್ಯಾಂಕಿಗೆ ಹೋಗುವವಳು, ಗಾಲಾ ಬಾಡಿಗೆಗೆ ಕೊಟ್ಟುಬಿಡಿ ಎಂದು ಅವಳು ಹೇಳಿದ್ದಳು. “ಪಪ್ಪಾ, ಹಾಂ ಅನ್ನು, ಇಲ್ಲಾ ನಾ ಅನ್ನು. ಬೀಚ್ ಮೇ ಲಟಕಾಕೆ ಮತ್ ರಖೋ, ನಡುವೆ ನೇತುಹಾಕಬ್ಯಾಡ” ಎಂದು ನನ್ನೆದುರಿಗೇ ಅಂದಳು. ಕಾಕಾ “ನೋಡೂಣು” ಎಂದು ಶಟರಿನ ಕಡೆ ನಡೆದರು.

ಆ ವರ್ಷ ಅವರ ಚಡಪಡಿಕೆಗೆ ಮಿತಿಯೇ ಇರಲಿಲ್ಲ. ವಾರಕ್ಕೊಮ್ಮೆ ನನಗೇ ಫೋನ್. ಗಾಡಿ ಮಾಡುವವರು ಏನಂತಾರೆ, ಔಷಧಿಯವರ ದನಿ ಹೇಗಿದೆ. ಒಂದು ಮಧ್ಯಾಹ್ನ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಬೆವರಿಳಿಸಿಕೊಂಡು, ನಮ್ಮ ಆಫೀಸಿಗೇ ಬಂದು ನಿಂತರು. “ನನಗ ನನ್ನ ಮ್ಯಾಲ ಭರೋಸಾ ಐತಿ ತಂಗಿ, ಮಗಳ ಮ್ಯಾಲೂ ಐತಿ. ಉಳಿದಾವ್ರ ಮ್ಯಾಲ ಇಲ್ಲ. ಅವ್ರು ಮಾಲು ಮಾಡಿದ್ರ ತಾನ ನನ್ನ ಸ್ಪ್ರಿಂಗ್ ತಗೊಳ್ಳೂದು? ಅವ್ರು ಧೈರ್ಯ ಮಾಡ್ತಾರೋ ಇಲ್ಲೋ, ಅಷ್ಟು ಹೇಳು.”

“ಅವ್ರೂ ನನಗ ಇದನ್ನ ಕೇಳ್ತಾರ ಕಾಕಾ. ಉಳಿದಾವ್ರು ಏನಂದ್ರು ಅಂತ.”

ಅವರ ಬೆರಳುಗಳು ಒಂದು ಕ್ಷಣ ನಿಂತವು. “ಅಂದ್ರ ಎಲ್ಲಾರೂ ದಂಡಿ ಮ್ಯಾಲ ನಿಂತು ಒಬ್ಬರ ಮಾರಿ ಒಬ್ಬರು ನೋಡಾಕತ್ತೇವಿ. ಹೊಳಿಗೆ ಮೊದಲ ಇಳ್ಯಾವ ಯಾರು?”

ನನಗೆ ಸಿಟ್ಟು ಬಂತು. ಅಷ್ಟು ಹೊತ್ತಿಗೆ ಮಗಳು ನನಗೆ ಗೆಳತಿಯಾಗಿದ್ದಳು, ಅವಳ ಮುಖ ದಿನೇ ದಿನೇ ಇಳಿಯುವುದನ್ನು ನೋಡುತ್ತಿದ್ದೆ. “ಉಳಿದಾವ್ರು ಹಾಳಾಗಿ ಹೋಗ್ಲಿ ಕಾಕಾ. ನಿಮ್ಮ ಮಗಳು ಕಾಯಾಕತ್ತಾಳ” ಎಂದುಬಿಟ್ಟೆ. ನಾನು ತರಿಸಿದ್ದ ಚಹಾ ಮುಟ್ಟದೆ ಅವರು ಹೊರಟುಹೋದರು. ಸಂಜೆಯವರೆಗೂ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಕರೆ ಬಂತು. ನವಮಿಯ ದಿನ ಅವರ ಗಾಲಾದಲ್ಲಿ ಕೆಲಸವಿಲ್ಲ. ಮಷೀನುಗಳನ್ನು ಘಾಸಲೇಟ್ ಎಣ್ಣೆಯಿಂದ, ಅಂದರೆ ಸೀಮೆಎಣ್ಣೆಯಿಂದ ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕುತ್ತಾರೆ. ಇಕ್ಕಳ, ಸ್ಪ್ಯಾನರುಗಳಿಗೂ ಕುಂಕುಮ. ಕಾಕಾ ಒಂದೊಂದೇ ಮಷೀನಿಗೆ ಆರತಿ ಎತ್ತುತ್ತ ಕೊನೆಯದಕ್ಕೆ ಬಂದರು. ಅದರಾಚೆ, ಗೋಡೆಯ ಬದಿಗೆ, ತಂತಿ ಉಂಡೆಗಳ ಹಳೇ ರ‍್ಯಾಕ್ ಇರುತ್ತಿತ್ತು. ಆವತ್ತು ರ‍್ಯಾಕ್ ಇರಲಿಲ್ಲ. ನೆಲ ತೊಳೆದು, ಒಂದು ಮಷೀನು ಕೂರುವಷ್ಟು ಅಗಲಕ್ಕೆ ರಂಗೋಲಿಯ ಗೆರೆ ಎಳೆದಿತ್ತು. ಯಾವಾಗ ಎಳೆದರೋ, ಯಾರಿಗೂ ಹೇಳಿರಲಿಲ್ಲ. ಕಾಕಾ ಬಗ್ಗಿ ಬರೀ ನೆಲಕ್ಕೆ ವಿಭೂತಿ ಹಚ್ಚಿದರು, ಹೂವಿಟ್ಟರು, ಆರತಿ ಎತ್ತಿದರು. ಕೆಲಸದವರು ಒಬ್ಬರನ್ನೊಬ್ಬರು ನೋಡಿದರು.

ಮಗಳು ಮೆಲ್ಲಗೆ ಅಂದಳು, “ಪಪ್ಪಾ, ಇಲ್ಲಿ ಕುಛ್ ಇಲ್ಲ.”

“ಬರೂದೈತಲ್ಲ” ಎಂದು ಕಾಕಾ ತೆಂಗಿನಕಾಯಿ ಒಡೆದರು.

ಅವಳು ಗೋಡೆಯ ಕಡೆ ಮುಖ ಮಾಡಿ ಅತ್ತಳು. ನನ್ನ ಕಣ್ಣೂ ತುಂಬಿ ಬಂದಿತ್ತು, ಸುಳ್ಳೇಕೆ ಹೇಳಲಿ. ಪೇಢೆ ಕೈಗೆ ಕೊಟ್ಟಾಗ ಕಾಕಾರನ್ನು ಕೆಣಕಿದೆ, “ಈಗಾದ್ರೂ ಛಲೋ ಐತಿ ಅಂತ ಬರ್ಕೊಳ್ಳಲ್ಯಾ?”

“ಛೇ ಛೇ. ಇದ್ದಾಂಗ ಐತಿ.”

ವಿಜಯದಶಮಿಯ ದಿನ ಮಷೀನು ಬುಕ್ ಆಯಿತು. ಅದು ಪರದೇಶದಿಂದ ಬರಬೇಕು, ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ರಂಗೋಲಿ ಅಳಿಸಿದರೆ ಕಾಕಾ ಮತ್ತೆ ಎಳೆಯುತ್ತಿದ್ದರು. ಆ ಚೌಕವನ್ನು ಸುತ್ತುಹಾಕಿ ಅಡ್ಡಾಡುವರು, ಒಳಗೆ ಕಾಲಿಡುತ್ತಿರಲಿಲ್ಲ. ಈ ನಡುವೆ ಪಂಪಿನವರು ಆರ್ಡರ್ ಇಳಿಸಿದರು. ಮಗಳನ್ನು ಹೊಳೆಗೆ ದೂಡಿದೆನೇ ಎಂಬ ಕಳವಳ ಅವರನ್ನು ಕಿತ್ತು ತಿನ್ನುತ್ತಿತ್ತು. ಚಳಿಗಾಲದಲ್ಲಿ ಎದೆನೋವು ಬಂತು. ಸಯನ್‌ನ ಆಸ್ಪತ್ರೆಗೆ ಸೇರಿಸಿದರು, ನನ್ನ ಆಫೀಸಿಗೆ ಹತ್ತಿರ.

ಊಟದ ಬಿಡುವಿನಲ್ಲಿ ನೋಡಲು ಹೋದೆ. ಮಲಗಿದ್ದರು. ನಿಂತದ್ದು, ಅಡ್ಡಾಡಿದ್ದು ಬಿಟ್ಟು ಬೇರೆ ರೀತಿ ಅವರನ್ನು ನಾನು ಕಂಡದ್ದು ಅದೇ ಮೊದಲು. ಬೆರಳುಗಳು ಹೊದಿಕೆಯ ಅಂಚನ್ನು ಒತ್ತುತ್ತಿದ್ದವು. ಮಗಳು ಕಾಲ ಬಳಿ ಫ್ಲಾಸ್ಕ್ ಹಿಡಿದು ನಿಂತಿದ್ದಳು.

“ಮೂರು ತಿಂಗಳಾತಲ್ಲ. ಈ ಸರ್ತಿ ನನಗ ಕೇಳೂದಿಲ್ಲೇನು?”

“ಆರಾಮ ಆಗ್ರಿ ಕಾಕಾ, ಗಾಲಾಕ್ಕ ಬಂದು ಕೇಳ್ತೀನಿ.”

“ಈಗ ಕೇಳು.”

ಕೇಳಿದೆ. ಪ್ರತಿ ಸಲದ ಹಾಗೆ, ಒಂದೂ ಅಕ್ಷರ ಬಿಡದೆ. ಮುಂದಿನ ಆರು ತಿಂಗಳು ಹೇಗಿರುತ್ತದೆ ಅನ್ನಿಸುತ್ತದೆ? ಕೇಳಿ, ಉಳಿದವರು ಏನಂದರು ಎಂಬ ಮಾತಿಗಾಗಿ ಕಾದೆ. ಅದು ಬರಲಿಲ್ಲ. ಅವರು ಮಗಳ ಮುಖ ನೋಡಿದರು.

“ಛಲೋ ಇರ್ತೈತಿ” ಎಂದರು. “ಬರ್ಕೊ.”

ಆ ವಾರವೇ ಹೋದರು. ಮಷೀನು ಇನ್ನೂ ಬಂದಿರಲಿಲ್ಲ.

ವರದಿಯ ಹೊತ್ತಿಗೆ ನಮ್ಮ ಸಾಹೇಬರು ನನ್ನನ್ನು ಕರೆದರು. ಉಡುಪಿ ಕಡೆಯವರು, ಒಳ್ಳೆಯವರೇ. “ಅಲ್ಲ ಮಾರಾಯ್ತಿ, ಇವರು ತೀರಿಕೊಂಡಿದ್ದಾರಲ್ಲ? ಹೋದವರ ಮುಂದಿನ ಆರು ತಿಂಗಳು ನಾವು ಹೇಗೆ ಸೇರಿಸುವುದು? ತೆಗೆದುಬಿಡು.”

“ತೆಗೆಯುವುದಿಲ್ಲ ಸರ್. ಹೇಳುವಾಗ ಇದ್ದರು. ಆ ಆರು ತಿಂಗಳು ತಮ್ಮದಲ್ಲ ಅಂತ ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದರು.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಆಯ್ತು, ಇರಲಿ” ಎಂದರು. ನನಗೆ ಈ ನೌಕರಿಯ ಮೇಲೆ ಗೌರವ ಹುಟ್ಟಿದ್ದು ಆವತ್ತು. ಈಗ ಆದಷ್ಟೂ ಫೋನ್ ಮಾಡುವುದಿಲ್ಲ, ಹೋಗಿಯೇ ಕೇಳುತ್ತೇನೆ. ಹೋದಲ್ಲಿ ಮಾಲೀಕರ ಬಾಯಿಗಿಂತ ಮೊದಲು ನೆಲ ನೋಡುತ್ತೇನೆ, ಎಲ್ಲಾದರೂ ಜಾಗ ಬಿಟ್ಟಿದ್ದಾರೆಯೇ ಎಂದು.

ಮಷೀನು ಬಂದ ದಿನ ಮಗಳು ನನಗೆ ಫೋನ್ ಮಾಡಿ ಕರೆದಳು. ಅದು ರಂಗೋಲಿಯ ಗೆರೆಯೊಳಗೆ ಸರಿಯಾಗಿ ಕೂತಿತ್ತು. ಮೊದಲ ಸ್ಪ್ರಿಂಗ್ ಹೊರಬಿತ್ತು. ಎಲ್ಲರೂ ನೋಡುತ್ತಿದ್ದಂತೆ ಅವಳು ಅದನ್ನೆತ್ತಿ, ಅಪ್ಪನ ಹಾಗೆ ಎರಡು ಬೆರಳಿನ ನಡುವೆ ಒತ್ತಿದಳು. ತುದಿ ಚುಚ್ಚಿರಬೇಕು, ಸ್ಸ್ ಎಂದು ಕೈ ಕೊಡವಿ ಹೆಬ್ಬೆರಳು ಬಾಯಿಗಿಟ್ಟುಕೊಂಡಳು. ಆಮೇಲೆ ಮತ್ತೆ ಒತ್ತಿದಳು.