ಎರಡನೇ ಗೇರು ಹಿಡಿದವನು

ಗೇರ್ ಆಯಿಲಿನ ವಾಸನೆಯನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಮೊನ್ನೆ ಶಿರಸಿಯ ಗ್ಯಾರೇಜಿನಲ್ಲಿ, ಗಂಧಕಕ್ಕೆ ಬೆಳ್ಳುಳ್ಳಿ ಅರೆದು ಹಾಕಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ನಾನು ಹೋಗಿದ್ದು ಬೈಕು ರಿಪೇರಿಗೆ ಕೊಡಲು. ಬಲಗೈಗೆ ಅಲ್ಲೇನು ಕೆಲಸ ಅಂತೀರಾ? ಇತ್ತು, ಒಂದು ಕಾಲದಲ್ಲಿ.

ಕಾನಸೂರಿನ ಗಣಪಣ್ಣ ಬನವಾಸಿಯ ಅನಾನಸನ್ನು ಕುಮಟಾಕ್ಕೆ ಸಾಗಿಸುತ್ತಿದ್ದ. ತನ್ನ ಭಾರೀ ಪಿಕಪ್ ಗಾಡಿಯನ್ನು ಅವನು ಕೊಂಡದ್ದೇ ಗೇರ್‌ಬಾಕ್ಸಿನ ಕಂಪನಿಯ ಹೆಸರು ನೋಡಿ. ಹಿಂದಿನ ಬಾಗಿಲ ಮೇಲೆ ಆ ಹೆಸರು ಬೆಳ್ಳಿ ಅಕ್ಷರದಲ್ಲಿತ್ತು. ಬೆಳಿಗ್ಗೆ ಅದನ್ನು ಒರೆಸದೆ ಚಾವಿ ತಿರುಗಿಸಿದವನಲ್ಲ. ಇಷ್ಟಾಗಿಯೂ ಬಾಕ್ಸಿಗೊಂದು ಚಾಳಿ. ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರು ಜಾರಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ತುಂಬಿದ ಗಾಡಿ, ಇಳಿಜಾರು, ಉಳಿದದ್ದು ಬರೀ ಬ್ರೇಕು! ಹಾಗಾಗಿ ಪಕ್ಕದಲ್ಲಿ ಕೂತವರು ಗೇರ್ ರಾಡನ್ನು ಹಿಂದಕ್ಕೆಳೆದು ಹಿಡಿದಿರಬೇಕು. ಆ ಪಕ್ಕದವನು ನಾನು. ಕುಮಟಾದಲ್ಲಿ ಚರ್ಚಾಸ್ಪರ್ಧೆ ಇದ್ದಾಗಲೆಲ್ಲ ಅನಾನಸಿನ ಜೊತೆ ನಾನೂ ಘಟ್ಟ ಇಳಿಯುತ್ತಿದ್ದೆ.

“ತಮಾ, ಹಿಡ್ಕ,” ಎನ್ನುತ್ತಿದ್ದ ಗಣಪಣ್ಣ, ಮೊದಲ ತಿರುವಿನಲ್ಲಿ. ಹಿಡಿದ ಮೇಲೆ, “ಇವತ್ತು ಹೌದೋ, ಅಲ್ದೋ?”

ವಿಷಯ ಏನೆಂದು ಕೇಳುತ್ತಿರಲಿಲ್ಲ. ನಾನು ಪರವೋ ವಿರೋಧವೋ, ಅಷ್ಟು ಸಾಕು. ಬಳಿಕ ಘಟ್ಟದುದ್ದಕ್ಕೂ ಭಾಷಣ; ಬಲಗೈ ಗೇರಿನ ಮೇಲೆ, ಎಡಗೈ ಗಾಳಿಯಲ್ಲಿ. ವೇದಿಕೆಯಲ್ಲೂ ಅದೇ ಅಭ್ಯಾಸವಾಗಿ, ಒಬ್ಬ ತೀರ್ಪುಗಾರರು ನನ್ನನ್ನು ಎಡಚನೆಂದೇ ತಿಳಿದಿದ್ದರು. ಸ್ಪರ್ಧೆಯಲ್ಲಾದರೆ ಐದನೇ ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ. ಗಣಪಣ್ಣ ಕೊನೆತನಕ ಕೇಳುತ್ತಿದ್ದ.

ಒಂದು ದಿನ ಇದೇ ಗ್ಯಾರೇಜಿನಲ್ಲಿ ಬಾಕ್ಸು ಇಳಿಸಿದರು. ನಾನು ಸುಮ್ಮನಿರಬಹುದಿತ್ತು. ಚಿಂದಿ ಹಿಡಿದು ಜಿಡ್ಡು ಒರೆಸಿದೆ. ಬಾಕ್ಸಿನ ಎರಕದ ಮೈಮೇಲಿದ್ದದ್ದು ಬೇರೆಯೇ ಕಾರ್ಖಾನೆಯ ಹೆಸರು. ತಕ್ಷಣ ವೇದಿಕೆಯ ಕನ್ನಡ ಬಾಯಿಗೆ ಬಂತು. “ಮಾಡಿದವರು ಇವರು, ಹೆಸರು ಅವರದ್ದು. ಗಣಪಣ್ಣ, ನೀನು ನಂಬಿದ್ದು ಬಾಕ್ಸನ್ನಲ್ಲ, ಬಾಗಿಲಿಗೆ ಅಂಟಿಸಿದ ಅಕ್ಷರವನ್ನು!”

“ಲೋಡು ಜಾಸ್ತಿ ಹಾಕಿದ್ದು ಆನು. ಅದ್ರದ್ದೆಂತ ತಪ್ಪು?”

“ಭಾರ ಹೊರುವ ಗಾಡಿ ಎಂದೇ ಮಾರಿದ್ದಲ್ಲವೇ?”

“ಗಣಪಣ್ಣಾ, ಇಷ್ಟು ವರ್ಷ ಸ್ಟಿಕ್ಕರಿಗೆ ಸ್ನಾನ ಮಾಡಿಸೀರಲ್ರೀ!” ಎಂದ ಮೇಸ್ತ್ರಿ. ಗ್ಯಾರೇಜು ನಕ್ಕಿತು.

ಗಣಪಣ್ಣ ನನ್ನ ಕೈಯಿಂದ ಚಿಂದಿ ತೆಗೆದುಕೊಂಡ. “ನೀ ಹೇಳದು ಸರಿ ಇಕ್ಕು ತಮಾ. ವಾದ ಮಾಡಲೆ ಎಂಗೆ ಬತ್ತಿಲ್ಲೆ.”

ಗೆದ್ದೆ. ರಿಪೇರಿಯಿಂದ ಬಾಕ್ಸಿನ ಚಾಳಿಯೇನೂ ಹೋಗಿರಲಿಲ್ಲ; ಮುಂದಿನ ಸಲ ಹತ್ತಿ ಕೂತರೆ, ಗೇರ್ ರಾಡಿಗೆ ಸೈಕಲ್ ಟ್ಯೂಬು ಬಿಗಿದಿತ್ತು. ಇನ್ನೊಂದು ತುದಿ ಸೀಟಿನಡಿಯ ಕೊಕ್ಕೆಗೆ.

“ಕೈ ಖಾಲಿ ಇಟ್ಗ. ಭಾಷಣಕ್ಕೆ ಬೇಕಾಗ್ತು,” ಎಂದ. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಎದುರುತ್ತರ ಕೊಡುತ್ತಿದ್ದೆ. ಹೌದೋ ಅಲ್ದೋ ಎಂದೂ ಕೇಳಲಿಲ್ಲ. ಅವತ್ತು ವೇದಿಕೆಯಲ್ಲಿ ಬಲಗೈಯನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಆಮೇಲೆ ಬಸ್ಸು ಹಿಡಿದೆ. ಬಸ್ಸಿನಲ್ಲಿ ಪಕ್ಕದವರು ಕಿಟಕಿ ನೋಡುತ್ತಾರೆ. ಈಗ ಶಿರಸಿಯ ಬಾಡಿಗೆ ಕೋಣೆಯಲ್ಲಿ ಪರವೂ ನಾನೇ, ವಿರೋಧವೂ ನಾನೇ.

ಬಾಕ್ಸು ಮಾಡಿದವರು ಯಾರೆಂಬುದನ್ನು ಸಾಧಿಸಿದ್ದೆ, ನಿಜ. ಅದನ್ನು ಗೇರಿನಲ್ಲಿ ಹಿಡಿದಿಟ್ಟವರು ಯಾರೆಂಬುದು ಅವತ್ತಿನ ವಿಷಯದಲ್ಲಿ ಇರಲಿಲ್ಲ.

ಮೊನ್ನೆ ಗ್ಯಾರೇಜಿನಿಂದ ಹೊರಡಲು ನಿಂತಿದ್ದದ್ದು ಅದೇ ಪಿಕಪ್ಪು, ಪಕ್ಕದಲ್ಲಿ ಗಣಪಣ್ಣ. ಬಾಗಿಲ ಮೇಲೆ ಅಕ್ಷರಗಳಿಲ್ಲ, ಅಂಟಿನ ಕಲೆ ಮಾತ್ರ. “ಕುಮಟಾಕ್ಕಾ? ಆನೂ ಬರ್ಲಾ?” ಎಂದೆ. ಕುಮಟಾದಲ್ಲಿ ನನಗೇನೂ ಕೆಲಸವಿರಲಿಲ್ಲ.

“ಬಾ. ಹೊಸ ಬಾಕ್ಸು ಹಾಕ್ಸಿದ್ದು. ಹಿಡ್ಕಳದೆಂತ ಬ್ಯಾಡ.” ಗಣಪಣ್ಣ ಕೈಯಲ್ಲಿದ್ದ ಚಿಂದಿಯನ್ನು ನನ್ನತ್ತ ಚಾಚಿದ. “ಯಾರ ಹೆಸರಿದ್ದು ನೋಡ್ತ್ಯಾ?”

“ಬ್ಯಾಡ ಗಣಪಣ್ಣ.”

ದೇವಿಮನೆಯ ಮೊದಲ ತಿರುವಿನಲ್ಲಿ ಅವನು ಎರಡನೇ ಗೇರಿಗೆ ಹಾಕಿ ಕೈ ತೆಗೆದ. ನನ್ನ ಬಲಗೈ ಹೋಗಿ ರಾಡಿನ ಮೇಲೆ ಕೂತಿತು. ರಾಡು ನನ್ನನ್ನು ತಳ್ಳಲಿಲ್ಲ, ಎಳೆಯಲಿಲ್ಲ. ಗಣಪಣ್ಣ ನೋಡಿ, ಮತ್ತೆ ರಸ್ತೆಯತ್ತ ತಿರುಗಿದ. ಈ ತಿರುವು ಕಳೆದ ಮೇಲೆ ಕೇಳುತ್ತಾನೆ, ಮುಂದಿನದರಲ್ಲಿ ಕೇಳುತ್ತಾನೆ ಎಂದು ಕಾದೆ. ವಿಷಯವೇ ಗೊತ್ತಿಲ್ಲದೆ ‘ಹೌದು’ ಎನ್ನಲು ತಯಾರಿದ್ದೆ.

ಅವನು ಕೇಳದೆಯೇ ಘಟ್ಟ ಮುಗಿದು, ಕೆಳಗಿನ ಕತಗಾಲ ಬಂತು. ಗೇರು ಎಲ್ಲಿಯೂ ಜಾರಲಿಲ್ಲ.