ಅಧ್ಯಕ್ಷರ ಫೋಟೋಕ್ಕೆ ಒಂದು ಮಾಲೆ

ಚೆಂಡುಹೂವಿನ ವಾಸನೆ ನನಗೆ ಆಗದು. ಮದುವೆಮನೆಯಲ್ಲಿ ಮಂಟಪದ ಹತ್ತಿರ ಕೂರಿಸಿದರೆ ಏನೋ ನೆಪ ಹೇಳಿ ಊಟದ ಮನೆಯ ಕಡೆ ನಡೆದುಬಿಡುತ್ತೇನೆ. ಇವಳಿಗೆ ಯಾವಾಗಲೂ ಊಟದ್ದೇ ಧ್ಯಾನ ಎಂದು ನಾದಿನಿಯರು ನಗುತ್ತಾರೆ, ನಗಲಿ ಪಾಪ. ಹೂವಿನ ಆ ಕಟು ವಾಸನೆಯೂ ನೆನೆಸಿದ ಬಾಳೆನಾರಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತೆಂದರೆ ಮುಗಿಯಿತು, ನಾನು ಹುಬ್ಬಳ್ಳಿಯಲ್ಲಿರುವುದಿಲ್ಲ. ಒಂಬತ್ತು ವರ್ಷದವಳಾಗಿ ತಿರುವನಂತಪುರದ ಹೊರಗಿನ ಶ್ರೀಕಾರ್ಯಂನಲ್ಲಿ, ಎರಡಂತಸ್ತಿನ ಒಂದು ಮನೆಯ ಮೆಟ್ಟಿಲ ಮೇಲೆ ನಿಂತಿರುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಗೆಡ್ಡೆಗೆಣಸುಗಳ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿಯಾಗಿದ್ದ ಅಪ್ಪನಿಗೆ ಧಾರವಾಡದಿಂದ ಅಲ್ಲಿಗೆ ವರ್ಗವಾಗಿತ್ತು. ನಾವು ಮೇಲಿನ ಮನೆಯಲ್ಲಿದ್ದೆವು. ಕೆಳಗೆ ಇದ್ದವರು ಸಮುದ್ರದಾಚೆಯ ಒಂದು ಪುಟ್ಟ ದೇಶದ ಸರ್ಕಾರಿ ಪ್ರತಿನಿಧಿ, ಕಾನ್ಸಲ್. ದೇಶದ ಹೆಸರು ಹೇಳುವುದಿಲ್ಲ, ಅಲ್ಲಿ ಅವರ ಕಡೆಯವರು ಇನ್ನೂ ಇದ್ದಾರು. ದೇಶ ಸಣ್ಣದು, ಕಚೇರಿಯೂ ಸಣ್ಣದು. ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಟೈಪ್‌ರೈಟರ್, ಒಂದು ಫೋನು, ಹೊರಗೆ ಬಾವುಟ. ಓದಲು ಬಂದ ಅವರ ದೇಶದ ಹುಡುಗರು, ಆಸ್ಪತ್ರೆಗೆ ಬಂದ ರೋಗಿಗಳು ಆ ಮೇಜಿನ ಮುಂದೆ ಸಾಲುಗಟ್ಟುತ್ತಿದ್ದರು. ವಾರಕ್ಕೊಮ್ಮೆ ಕಾನ್ಸಲ್ ತಮ್ಮ ದೇಶದ ಹಡಗುಗಳ ಕಾಗದಪತ್ರ ನೋಡಲು ಕೊಚ್ಚಿಗೆ ಹೋಗುತ್ತಿದ್ದರು. ನಾನು ಅವರನ್ನು ಥಿಯೋ ಅಂಕಲ್ ಎನ್ನುತ್ತಿದ್ದೆ. ಹೆಂಡತಿ ಮಾರಾ ಆಂಟಿ, ಮಗಳು ಲಿಯಾ ನನ್ನದೇ ವಯಸ್ಸಿನವಳು, ನನ್ನದೇ ಕ್ಲಾಸು.

ಆ ಮನೆಯಲ್ಲಿ ಎಷ್ಟು ನಗುತ್ತಿದ್ದರು ಅಂತೀರಿ! ಅಂಕಲ್ ನಕ್ಕರೆ ಮೇಲಿನ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ‘ನಕ್ಕರು ನೋಡು, ಇನ್ನ ಊಟ ಆತಂತ ತಿಳಕೋಬೇಕು’ ಎನ್ನುತ್ತಿದ್ದಳು ಅವ್ವ. ವಿಳಿಂಜಂನಿಂದ ಮೀನು ತಂದ ದಿನ ಮಾರಾ ಆಂಟಿ ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆ ಮಾಡುತ್ತಿದ್ದಳು, ಮೇಲಿರುವವರು ಮೀನು ತಿನ್ನದವರು ಎಂಬ ಮರ್ಯಾದೆಗೆ. ಸೆಕೆಯಲ್ಲಿ ಅವಳು ಬೆವೆತು ತೊಪ್ಪೆಯಾಗುವುದನ್ನು ನೋಡಲಾರದೆ ಅವ್ವನೇ ಇಳಿದುಹೋಗಿ ಕಿಟಕಿ ತೆರೆದು ಬಂದಳು. ಆಮೇಲೆ ಆಂಟಿ ನಮ್ಮಲ್ಲಿಗೆ ಬಂದು ಜೋಳದ ರೊಟ್ಟಿ ಬಡಿಯಲು ಕಲಿತಳು. ಅವ್ವನದು ಧಾರವಾಡದ ಕನ್ನಡ, ಆಂಟಿಯದು ಅವಳ ಭಾಷೆ. ಹಿಟ್ಟಿನ ಮುಂದೆ ಕೂತು ಇಬ್ಬರೂ ಅವರವರದರಲ್ಲೇ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾನು, ಲಿಯಾ ಮಾತ್ರ ಮಲಯಾಳದಲ್ಲಿ ಗುಸುಗುಸು ನಡೆಸುತ್ತಿದ್ದೆವು, ಇಬ್ಬರು ತಾಯಂದಿರಿಗೂ ತಿಳಿಯದಂತೆ.

ಅವರ ದೇಶಕ್ಕೆ ಹೊಸ ಅಧ್ಯಕ್ಷ ಬಂದಿದ್ದು ನಮಗೆ ಗೊತ್ತಾದದ್ದು ಗೋಡೆಯಿಂದ. ಮೊದಲು ಮೇಜಿನ ಹಿಂದೆ ಪುಸ್ತಕದಷ್ಟು ದೊಡ್ಡ ಫೋಟೋ ಬಂತು. ಆರು ತಿಂಗಳಿಗೆ ಅದನ್ನು ಇಳಿಸಿ ಕಿಟಕಿಯಷ್ಟು ದೊಡ್ಡದನ್ನು ಹಾಕಿದರು. ಆಮೇಲೆ ಕಚೇರಿಯಲ್ಲಿದ್ದರೆ ಸಾಲದು, ಊಟದ ಕೋಣೆಯಲ್ಲೂ ಇರಬೇಕೆಂದು ಆಜ್ಞೆಯಾಯಿತು. ಅದರ ಹಿಂದೆಯೇ ಒಬ್ಬ ಹೊಸ ಸೆಕ್ರೆಟರಿ ಬಂದ, ಬೂದು ಸಫಾರಿಯ, ಮೆದುಮಾತಿನ ಮನುಷ್ಯ. ಮಕ್ಕಳಿಗೆ ಚಾಕೊಲೇಟು ಕೊಡುತ್ತಿದ್ದ, ಕೊಟ್ಟು ಮನೆಗೆ ಯಾರು ಬಂದಿದ್ದರು ಎಂದು ಕೇಳುತ್ತಿದ್ದ. ಅಂಕಲ್‌ರ ನಗು ಮೇಲಕ್ಕೆ ಕೇಳಿಸುವುದು ನಿಂತಿತು. ಮಾತಾಡಬೇಕಾದರೆ ಆಂಟಿ ರೇಡಿಯೋ ಜೋರು ಮಾಡುತ್ತಿದ್ದಳು. ‘ಇದೇನ್ ಬಾಳೇವು ಅಂತೀನಿ, ತಮ್ಮ ಮನ್ಯಾಗ ತಾವ ಕಳ್ಳರಂಗ!’ ಎಂದು ಅವ್ವ ಒಳಗೊಳಗೇ ಕುದಿಯುತ್ತಿದ್ದಳು.

ಅವರ ಭಯಕ್ಕೆ ಕಾರಣ ಲಿಯಾಳ ಅಣ್ಣ. ಹದಿನೆಂಟರ ಆ ಹುಡುಗ ಅವರ ದೇಶದ ರಾಜಧಾನಿಯಲ್ಲೇ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಅಲ್ಲಿ ಅಧ್ಯಕ್ಷನ ಕಡೆಯವರು ಕಾಲೇಜು ಹುಡುಗರನ್ನು ಮನೆಯಿಂದಲೇ ಎತ್ತಿಕೊಂಡು ಹೋಗತೊಡಗಿದ್ದರು. ಅಂಕಲ್ ಓಡಾಡಿ ಶ್ರೀಕಾರ್ಯಂನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಗನಿಗೆ ಸೀಟು ಮಾಡಿಸಿದ್ದರು. ಆದರೆ ಅವನು ದೇಶ ಬಿಡಲು ಅಧ್ಯಕ್ಷರ ಕಚೇರಿಯಿಂದ ಒಂದು ಕಾಗದ ಬರಬೇಕಿತ್ತು. ದೀಪಾವಳಿ ಹೊತ್ತಿಗೆ ಬರುತ್ತದೆ ಎನ್ನುತ್ತಿದ್ದರು. ಆಂಟಿ ಅವನಿಗೆಂದು ಹೊಸ ಹಾಸಿಗೆ ಮಾಡಿಸಿ ಬಿಸಿಲಿಗೆ ಹಾಕುತ್ತಿದ್ದಳು, ದಿನಾ.

ದಸರೆ ಬಂತು. ನಮ್ಮ ಕಡೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮನೆಯಲ್ಲಿ ಕೆಲಸಕ್ಕೆ ಬರುವ ಯಾವ ವಸ್ತುವನ್ನೂ ಬಿಡುವುದಿಲ್ಲ. ಕುಡುಗೋಲಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲಕ್ಕೂ ಕುಂಕುಮ, ಹೂ. ಅಪ್ಪ ಬೆಳಿಗ್ಗೆಯೇ ಚಾಲೈ ಬಜಾರಿಗೆ ಹೋಗಿ ಚೆಂಡುಹೂವಿನ ಮಾಲೆಗಳನ್ನು ತಂದಿದ್ದ. ಹಿಂದಿನ ವರ್ಷ ಅವ್ವ ಅಂಕಲ್‌ರ ಕಾರಿಗೂ ಪೂಜೆ ಮಾಡಿದ್ದಳು, ಅವರಿಗೆ ಬಹಳ ಖುಷಿಯಾಗಿತ್ತು. ಈ ವರ್ಷ ಅವ್ವನಿಗೆ ಹೋಳಿಗೆಯ ಗಡಿಬಿಡಿ. ‘ಕಾರಿಗೊಂದು, ಆ ಟೈಪಿನ ಮಷೀನಿಗೊಂದು ಹಾಕಿ ಬಾರವಾ, ನೀ ಶಾಣ್ಯಾಕಿ’ ಎಂದು ನನ್ನ ಕೈಗೆ ತಟ್ಟೆ ಕೊಟ್ಟಳು.

ಶಾಣ್ಯಾಕಿ ಹೋದೆ. ಕಾರಿಗೆ ಹಾಕಿದೆ, ಟೈಪ್‌ರೈಟರಿಗೆ ಹಾಕಿದೆ, ಫೋನಿಗೆ ಕುಂಕುಮ ಹಚ್ಚಿದೆ. ಒಂದು ಮಾಲೆ ಉಳಿಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಆ ಅಧ್ಯಕ್ಷ, ಎದೆ ತುಂಬ ಪದಕ ಹೊತ್ತು ನನ್ನನ್ನೇ ನೋಡುತ್ತಿದ್ದ. ಇಷ್ಟು ದೊಡ್ಡವನನ್ನು ಬಿಟ್ಟರೆ ಸಿಟ್ಟಾದಾನು ಅನ್ನಿಸಿತು. ನಮ್ಮ ಮನೆಯಲ್ಲೂ ಅಜ್ಜನ ಫೋಟೋಕ್ಕೆ ಮಾಲೆ ಇತ್ತಲ್ಲ! ಕುರ್ಚಿ ಹತ್ತಿ ಹಾಕಿದೆ, ಹಣೆಗೆ ಗಾಜಿನ ಮೇಲೆಯೇ ದುಂಡಗೆ ಕುಂಕುಮವನ್ನೂ ಇಟ್ಟೆ. ಚೆನ್ನಾಗಿ ಕಾಣುತ್ತಿದೆ ಅಂತ ಬೇರೆ ಕೆಳಗಿಳಿದು ನಿಂತು ನೋಡಿದೆ, ನನ್ನ ಬುದ್ಧಿಗಿಷ್ಟು!

ಅಷ್ಟರಲ್ಲಿ ಸೆಕ್ರೆಟರಿ ಬಂದ. ಫೋಟೋ ನೋಡಿದ, ನನ್ನನ್ನು ನೋಡಿದ, ಮೊಣಕಾಲೂರಿ ನನ್ನ ಎತ್ತರಕ್ಕೆ ಕೂತ. ನಿಮ್ಮ ಮನೆಯಲ್ಲಿ ಯಾರ ಫೋಟೋಕ್ಕೆ ಹೀಗೆ ಹಾಕುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಜ್ಜನದಕ್ಕೆ ಎಂದೆ. ಅಜ್ಜ ಎಲ್ಲಿದ್ದಾರೆ ಎಂದ. ಸ್ಕೂಲಿನಲ್ಲಿ ಕಲಿತ ಒಳ್ಳೆಯ ಪದವೊಂದು ನಾಲಗೆಯ ತುದಿಯಲ್ಲೇ ಇತ್ತು. ‘ಎಕ್ಸ್‌ಪೈರ್ಡ್ ಸರ್’ ಎಂದೆ, ಜಂಬದಿಂದ. ಜೀವಂತ ಇರುವವರದಕ್ಕೆ ಹಾಕುವುದಿಲ್ಲವೇ ಎಂದ. ಛೇ, ಇಲ್ಲ ಎಂದೆ. ಹಾಗೆಂದ ಮೇಲೇ ನನ್ನ ತಲೆಗೆ ಹೊಳೆದದ್ದು, ನಾನು ಮಾಡಿಟ್ಟದ್ದು ಏನೆಂದು.

ಬಾಗಿಲಲ್ಲಿ ಅಂಕಲ್ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಸೆಕ್ರೆಟರಿ ಎದ್ದು, ಇದನ್ನು ಯಾರು ಹಾಕಿದರು ಎಂದು ಮೆಲ್ಲಗೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ನನ್ನ ತಲೆಯ ಮೇಲೆ ಕೈಯಿಟ್ಟು, ‘ನಾನೇ ಹಾಕಿದೆ, ಈ ಊರಿನ ಗೌರವ ಇದು’ ಎಂದರು. ಕುಂಕುಮ ಹತ್ತಿದ ನನ್ನ ಬೆರಳನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡೆ. ಅವರು ಯಾಕೆ ಹಾಗೆ ಹೇಳಿದರೆಂದು ಇವತ್ತಿಗೂ ಯೋಚಿಸುತ್ತೇನೆ. ಮಗುವಿನ ಕೆಲಸ ಎಂದರೆ ಅವನು ನಂಬುತ್ತಿರಲಿಲ್ಲ, ಮಗುವಿಗೆ ಕಲಿಸಿದವರು ಯಾರು ಎಂದು ಅಪ್ಪನ ಬೆನ್ನು ಹತ್ತುತ್ತಿದ್ದನೋ ಏನೋ. ಆದರೆ ಆ ಗಳಿಗೆಯಲ್ಲಿ ನನಗೆ ಆದದ್ದು ಸಮಾಧಾನ. ಸದ್ಯ, ನನ್ನ ಹೆಸರು ಬರಲಿಲ್ಲ ಎಂಬ ಸಮಾಧಾನ. ಅದನ್ನು ನೆನೆದರೆ ನನ್ನ ಮೇಲೇ ನನಗೆ ಹೇಸಿಗೆ ಬರುತ್ತದೆ.

ದೀಪಾವಳಿ ಬಂತು, ಹೋಯಿತು. ಹುಡುಗನ ಕಾಗದ ಬರಲಿಲ್ಲ. ಬಂದದ್ದು ಅಂಕಲ್ಲಿಗೆ ವಾಪಸು ಬರಬೇಕೆಂಬ ಆದೇಶ, ಕುಟುಂಬ ಸಮೇತ. ಅಪ್ಪ ಕೆಳಗೆ ಹೋಗಿ ತುಂಬ ಹೊತ್ತು ಕೂತಿದ್ದು ಬಂದ. ಇಲ್ಲೇ ಉಳಿದುಬಿಡಿ, ದಿಲ್ಲಿಯಲ್ಲಿ ಯಾರನ್ನಾದರೂ ಕೇಳೋಣ ಎಂದನಂತೆ. ಮಗ ಅಲ್ಲಿದ್ದಾನೆ ಎಂದಷ್ಟೇ ಅಂದರಂತೆ ಅವರು. ‘ಹೆತ್ತ ಮಗನ್ನ ಅವರ ಕೈಯಾಗ ಬಿಟ್ಟು ಇಲ್ಲೆ ಹೆಂಗ ಗಂಟಲಾಗ ತುತ್ತು ಇಳೀತದರೀ?’ ಎಂದು ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಆಗಲೂ ಬಾಯಿಬಿಡಲಿಲ್ಲ. ಜ್ವರ ಬಂದು ಮಲಗಿದೆ. ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು.

ಮುಂದೆ ಅವರ ಸುದ್ದಿಯೇ ಬರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅಪ್ಪ ಬರೆದ ಕಾಗದಗಳು ಒಡೆಯದೆಯೇ ಹಿಂದಿರುಗಿದವು. ಕೆಳಗಿನ ಮನೆಗೆ ಯಾರೋ ಬ್ಯಾಂಕಿನವರು ಬಂದರು, ಒಳ್ಳೆಯ ಜನ. ಆಮೇಲೆ ನಮಗೂ ವರ್ಗವಾಯಿತು. ಈಗ ಆ ಮನೆಯನ್ನೇ ಕೆಡವಿ ಫ್ಲ್ಯಾಟು ಕಟ್ಟಿದ್ದಾರಂತೆ. ಅಪ್ಪ ಹೋದ, ಅವ್ವನೂ ಹೋದಳು. ಆ ಮನೆಯ ನಗುವನ್ನು ಕೇಳಿದವಳು ನಾನೊಬ್ಬಳೇ ಉಳಿದಿದ್ದೇನೆ.

ಅವರು ಹೊರಟದ್ದು ಕೊಚ್ಚಿಯಿಂದ, ಅವರದೇ ದೇಶದ ಸರಕು ಹಡಗಿನಲ್ಲಿ. ಬೀಳ್ಕೊಡಲು ನಾವೂ ರೈಲಿನಲ್ಲಿ ಹೋದೆವು. ಬಂದರಿನ ಧಕ್ಕೆಯಲ್ಲಿ ಡೀಸೆಲ್ಲು, ಒದ್ದೆ ಹಗ್ಗ, ಗದ್ದಲ. ಅವ್ವ ರೊಟ್ಟಿಯ ಗಂಟನ್ನು ಆಂಟಿಯ ಕೈಗಿಟ್ಟು ಕನ್ನಡದಲ್ಲಿ ಏನೇನೋ ಹೇಳುತ್ತ ಅಳುತ್ತಿದ್ದಳು; ಆಂಟಿ ತಲೆಯಾಡಿಸುತ್ತಿದ್ದಳು. ಹತ್ತು ಹೆಜ್ಜೆ ಆಚೆ ಸೆಕ್ರೆಟರಿ ಗಡಿಯಾರ ನೋಡುತ್ತ ನಿಂತಿದ್ದ. ನಾನು ಲಿಯಾಳನ್ನು ಪೆಟ್ಟಿಗೆಗಳ ಮರೆಗೆ ಎಳೆದುಕೊಂಡು ಹೋಗಿ, ಅವ್ವನಿಗಾಗಲಿ ಸೆಕ್ರೆಟರಿಗಾಗಲಿ ಅರ್ಥವಾಗದ ನಮ್ಮ ಮಲಯಾಳದಲ್ಲಿ ಒಂದೇ ಉಸಿರಿಗೆ, ಅದನ್ನು ಹಾಕಿದವಳು ನಾನು, ನಿನ್ನ ಅಪ್ಪ ಅಲ್ಲ ಎಂದೆ.

ಅವಳು ಹಡಗಿನ ಕಡೆ ನೋಡುತ್ತಲೇ ಇದ್ದಳು.

‘ಗೊತ್ತು. ನಿನಗೆ ಏನೂ ಅನ್ನಬಾರದು ಅಂತ ಅಪ್ಪ ಹೇಳಿದ್ದಾನೆ’ ಎಂದಳು. ‘ಅದಕ್ಕೇ ಅನ್ನುತ್ತಿಲ್ಲ.’

ಕೈ ಬಿಡಿಸಿಕೊಂಡು ಹೋದಳು. ಏಣಿ ಹತ್ತುವಾಗ ತಿರುಗಿ ನೋಡಲಿಲ್ಲ. ಅಂದುಬಿಡಬೇಕಿತ್ತು ಅವಳು. ಅಪ್ಪನ ಮಾತು ಮೀರಿ, ನನ್ನ ಜುಟ್ಟು ಹಿಡಿದು ಎರಡು ಬಾರಿಸಿ, ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕಿತ್ತು.